ಹಿರಿಯ ಆಟಗಾರನನ್ನು ಕೊಟ್ಟು ನಾಳೆಯನ್ನು ಕೊಳ್ಳುವುದು: ಎನ್‌ಬಿಎ ರೀಬಿಲ್ಡ್ ಟ್ರೇಡ್‌ಗೆ ಸಮಗ್ರ ಮಾರ್ಗದರ್ಶಿ

ಐಪಿಎಲ್ ನೋಡಿ ಬೆಳೆದವರಿಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಟ್ರೇಡ್‌ಗಳ, ಅಂದರೆ ಆಟಗಾರರ ವಿನಿಮಯದ, ತಲೆಬುಡ ಬೇಗ ಹತ್ತುವುದಿಲ್ಲ. 2023ರ ನವೆಂಬರ್‌ನಲ್ಲಿ ಮುಂಬೈ ಇಂಡಿಯನ್ಸ್ ಬರೀ ದುಡ್ಡು ಕೊಟ್ಟು ಹಾರ್ದಿಕ್ ಪಾಂಡ್ಯರನ್ನು ಗುಜರಾತ್‌ನಿಂದ ಕರೆಸಿಕೊಂಡಿತು. ಎನ್‌ಬಿಎಯಲ್ಲಿ ಹಾಗೆ ನಡೆಯುವುದಿಲ್ಲ. ಟ್ರೇಡ್‌ಗಳಲ್ಲಿ ಒಂದು ತಂಡ ವರ್ಷಕ್ಕೆ ಕೊಡಬಹುದಾದ ನಗದು ಕೆಲವೇ ಮಿಲಿಯನ್ ಡಾಲರ್. ಆಟಗಾರನ ಬದಲಿಗೆ ಆಟಗಾರರು ಬರಬೇಕು, ಇಲ್ಲವೇ ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ ಹೊಸಬರನ್ನು ಆರಿಸುವ ಹಕ್ಕು, ಅಂದರೆ ಪಿಕ್, ಬರಬೇಕು. ಎಲ್ಲ ತಂಡಗಳನ್ನೂ ಒಂದೇ ಸಲ ಕಲಸಿ ಹಂಚುವ ಮೆಗಾ ಹರಾಜೂ ಅಲ್ಲಿಲ್ಲ.

ಹಾಗಾಗಿ ರೀಬಿಲ್ಡ್‌ಗೆ, ಅಂದರೆ ಹೊಸದಾಗಿ ಕಟ್ಟಲು, ಹೊರಟ ಕೆಳಗೆ ಬಿದ್ದ ತಂಡದ ಜನರಲ್ ಮ್ಯಾನೇಜರ್ ಮೊದಲು ನೋಡುವುದು ತನ್ನಲ್ಲಿ ಇನ್ನೂ ಬೆಲೆಯುಳ್ಳ ಹಿರಿಯ ಯಾರಿದ್ದಾನೆ ಎಂದು. ಅವನನ್ನು ಗೆಲ್ಲುವ ಆತುರದಲ್ಲಿರುವ ತಂಡಕ್ಕೆ ಕೊಟ್ಟು, ಎಳೆಯರನ್ನೋ ಪಿಕ್‌ಗಳನ್ನೋ ತರಬೇಕು. ಟ್ರೇಡ್ ಆದ ರಾತ್ರಿ ಎಲ್ಲರೂ ಎಣಿಸುವುದು ಎಷ್ಟು ಪಿಕ್ ಬಂತು ಎಂದು. ನಾನು ಮೊದಲು ನೋಡುವುದು ಅವು ಯಾರ ಪಿಕ್ ಎಂದು. ಕೊಂಡ ತಂಡ ಮೂರ್ನಾಲ್ಕು ವರ್ಷದ ನಂತರ ಎಲ್ಲಿರುತ್ತದೆ ಎಂಬುದರ ಮೇಲೆ ನಿಮ್ಮ ಗಳಿಕೆ ನಿಂತಿದೆ. ಈ ಮಾರ್ಗದರ್ಶಿಯ ಹೆಚ್ಚಿನ ಜಾಗ ಆ ಒಂದು ಹಂತಕ್ಕೇ ಹೋಗಿದೆ.

ನೀವು ಗೇಮ್‌ನಲ್ಲಿ ತಂಡ ನಡೆಸುವವರಾಗಿರಿ, ಬೆಳಗಿನ ಕಾಫಿ ಜೊತೆ ಲೈವ್ ಪಂದ್ಯ ನೋಡುವವರಾಗಿರಿ, ಸದ್ಯಕ್ಕೆ ಮ್ಯಾನೇಜರ್ ಕುರ್ಚಿಯಲ್ಲಿ ಕೂತಿದ್ದೀರಿ ಎಂದುಕೊಳ್ಳಿ.

ಹಂತ 1: ನಿಮ್ಮ ಸ್ವಂತ ಪಿಕ್ ನಿಮ್ಮ ಕೈಯಲ್ಲಿದೆಯೇ ನೋಡಿ

ಹಿರಿಯನನ್ನು ಕೊಟ್ಟರೆ ನಿಮ್ಮ ತಂಡ ಇನ್ನಷ್ಟು ಸೋಲುತ್ತದೆ. ಆ ಸೋಲಿಗೆ ಬೆಲೆ ಬರುವುದು ನಿಮ್ಮ ಮೊದಲ ಸುತ್ತಿನ ಪಿಕ್ ನಿಮ್ಮದೇ ಆಗಿದ್ದರೆ ಮಾತ್ರ. ಪ್ಲೇಆಫ್ ತಲುಪದ 14 ತಂಡಗಳು ಲಾಟರಿಗೆ, ಅಂದರೆ ಯಾರು ಮೊದಲು ಆರಿಸಬೇಕೆಂದು ತೀರ್ಮಾನಿಸುವ ಚೀಟಿ ಎತ್ತುವಿಕೆಗೆ, ಹೋಗುತ್ತವೆ. 2019ರಲ್ಲಿ ಜಾರಿಗೆ ಬಂದ ನಿಯಮದಂತೆ ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ ಸಿಗುವ ಸಾಧ್ಯತೆ ತಲಾ ಶೇ. 14. ಅತಿ ಹೆಚ್ಚು ಸೋತ ತಂಡ 5ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಬ್ರೂಕ್ಲಿನ್ ನೆಟ್ಸ್ ಈ ಪಾಠವನ್ನು ಎರಡೂ ಕಡೆಯಿಂದ ಕಲಿತಿದೆ. 2016-17ರಲ್ಲಿ ಅದು 20 ಗೆದ್ದು 62 ಸೋತಿತು, ಲೀಗ್‌ನಲ್ಲೇ ಕೊನೆ. ಮೊದಲ ಪಿಕ್ ಅದರ ಹೆಸರಿಗೇ ಬಂತು, ಆದರೆ ಅದಾಗಲೇ ಬಾಸ್ಟನ್ ಪಾಲಾಗಿತ್ತು. 2024ರ ಜೂನ್‌ನಲ್ಲಿ ಅದೇ ತಂಡ ಮಿಕಾಲ್ ಬ್ರಿಜಸ್‌ನನ್ನು ನ್ಯೂಯಾರ್ಕ್ ನಿಕ್ಸ್‌ಗೆ ಕೊಡುವ ದಿನವೇ ಹ್ಯೂಸ್ಟನ್ ಜೊತೆ ಇನ್ನೊಂದು ಒಪ್ಪಂದ ಮಾಡಿ, 2025 ಮತ್ತು 2026ರ ತನ್ನದೇ ಪಿಕ್‌ಗಳ ಹಿಡಿತ ವಾಪಸ್ ತಂದಿತು. ಸೋಲಲು ಹೊರಡುವ ಮುನ್ನ ಸೋಲಿನ ಫಲ ತನಗೇ ಬರುವಂತೆ ನೋಡಿಕೊಂಡಿತು. ನಿಮ್ಮ ಪಿಕ್ ಬೇರೆಯವರ ಬಳಿ ಇದ್ದರೆ ಮೊದಲ ಫೋನ್ ಅವರಿಗೇ ಹೋಗಲಿ.

ಹಂತ 2: ಒಪ್ಪಂದದ ಗಡಿಯಾರ ನೋಡಿ

ಯಾರನ್ನು ಕೊಡಬೇಕು ಎಂಬುದಕ್ಕೆ ವಯಸ್ಸೊಂದೇ ಅಳತೆಯಲ್ಲ. ನಿಮ್ಮ ತಂಡ ಮತ್ತೆ ಗೆಲ್ಲುವ ಹೊತ್ತಿಗೆ ಅವನು ಹೇಗಿರುತ್ತಾನೆ ಎಂದು ಕೇಳಿಕೊಳ್ಳಿ. ಎರಡು ವರ್ಷದಲ್ಲಿ ಏಳುವ ಅಂದಾಜಿದ್ದರೆ 27ರವನನ್ನು ಇಟ್ಟುಕೊಳ್ಳಬಹುದು. ಐದು ವರ್ಷ ಬೇಕೆಂದರೆ ಅವನೂ ಮಾರಾಟಕ್ಕೇ.

ಬೆಲೆ ಅತಿ ಹೆಚ್ಚಿರುವುದು ಒಪ್ಪಂದದಲ್ಲಿ ಒಂದೂವರೆಯಿಂದ ಎರಡೂವರೆ ಸೀಸನ್ ಉಳಿದಿರುವಾಗ. ಕೊಳ್ಳುವವನಿಗೆ ಕನಿಷ್ಠ ಎರಡು ಪ್ಲೇಆಫ್ ಸಿಗುತ್ತದೆ ಎಂಬ ಭರವಸೆ ಆಗ ಇರುತ್ತದೆ. ಕೊನೆಯ ವರ್ಷಕ್ಕೆ ಬಂದರೆ ಬೇಸಿಗೆಯಲ್ಲಿ ಇವನು ಬಿಟ್ಟು ಹೋದರೆ ಏನು ಗತಿ ಎಂಬ ಅನುಮಾನ ಶುರುವಾಗಿ ಬೆಲೆ ಇಳಿಯುತ್ತದೆ.

ಟೊರೊಂಟೊ ರಾಪ್ಟರ್ಸ್ 2023ರ ಫೆಬ್ರವರಿಯಲ್ಲಿ ಮಾರುವ ಬದಲು ಕೊಂಡಿತು: ಯಾಕೊಬ್ ಪೊಲ್ಟ್ಲ್‌ಗಾಗಿ ಮೊದಲ ಆರರವರೆಗೆ ರಕ್ಷಣೆಯಿದ್ದ (ಆರರೊಳಗೆ ಬಂದರೆ ತನ್ನಲ್ಲೇ ಉಳಿಯುವ) 2024ರ ಪಿಕ್ ಕೊಟ್ಟಿತು. ಆ ಬೇಸಿಗೆಯಲ್ಲಿ ಫ್ರೆಡ್ ವ್ಯಾನ್‌ವ್ಲೀಟ್ ಒಪ್ಪಂದ ಮುಗಿದು ಫ್ರೀ ಏಜೆಂಟ್ ಆಗಿ ಹ್ಯೂಸ್ಟನ್‌ಗೆ ನಡೆದ. ಪ್ರತಿಯಾಗಿ ಏನೂ ಬರಲಿಲ್ಲ. 2024ರ ಜನವರಿಯಲ್ಲಿ ಪಾಸ್ಕಲ್ ಸಿಯಾಕಮ್‌ನನ್ನು ಇಂಡಿಯಾನಾಗೆ ಕೊಡುವಾಗ ಅವನ ಒಪ್ಪಂದಕ್ಕೆ ಕೆಲವೇ ತಿಂಗಳು ಬಾಕಿಯಿತ್ತು. ಪೊಲ್ಟ್ಲ್‌ಗಾಗಿ ಕೊಟ್ಟಿದ್ದ ಪಿಕ್ 8ನೆಯದಾಗಿ ಸ್ಯಾನ್ ಆಂಟೋನಿಯೊ ಕೈಗೆ ಹೋಯಿತು. ತಂಡದ ಅಂದಿನ ಮುಖ್ಯಸ್ಥ ಮಸಾಯ್ ಉಜಿರಿಯಂಥ ಚಾಣಾಕ್ಷನೂ ಒಂದು ವರ್ಷ ಹಿಂದೆಮುಂದೆ ನೋಡಿದ್ದಕ್ಕೆ ತೆತ್ತ ಬೆಲೆ ಇದು.

ಡೆಟ್ರಾಯ್ಟ್‌ನ ಬೊಯಾನ್ ಬೊಗ್ಡನೊವಿಚ್ ಕಥೆಯೂ ಇಂಥದ್ದೇ. 2022-23ರಲ್ಲಿ ಅವನ ಆಟ ಉತ್ತುಂಗದಲ್ಲಿದ್ದಾಗ ತಂಡ ಹಿಡಿದುಕೊಂಡಿತು. ಮರುವರ್ಷ ಅವನ ಜೊತೆ ಅಲೆಕ್ ಬರ್ಕ್ಸ್‌ನನ್ನೂ ಸೇರಿಸಿ ಕೊಟ್ಟಾಗ ಬಂದದ್ದು ಕ್ವೆಂಟಿನ್ ಗ್ರೈಮ್ಸ್, ಲೆಕ್ಕ ಹೊಂದಿಸಲು ಇನ್ನಷ್ಟು ಆಟಗಾರರು, ಎರಡನೇ ಸುತ್ತಿನ ಎರಡು ಪಿಕ್. ಸೋಲುವ ತಂಡದಲ್ಲಿ ಮೂವತ್ತು ದಾಟಿದ ಸ್ಕೋರರ್‌ನನ್ನು ಕಾಪಿಟ್ಟುಕೊಂಡು ಏನು ಸಾಧಿಸಬೇಕಿತ್ತೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ಹಂತ 3: ಬೆಲೆ ಬಿದ್ದಿದ್ದರೆ ಮೊದಲು ಎತ್ತಿ

2019ರ ಜುಲೈಯಲ್ಲಿ ಒಕ್ಲಹೋಮ ಸಿಟಿ ರಸೆಲ್ ವೆಸ್ಟ್‌ಬ್ರೂಕ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟಾಗ ಪಿಕ್‌ಗಳ ಜೊತೆ 34ರ ಕ್ರಿಸ್ ಪಾಲ್ ಬಂದ. ಅವನಿಗೆ ಇನ್ನೂ ಮೂರು ವರ್ಷದ, ಒಟ್ಟು 12 ಕೋಟಿ ಡಾಲರ್ ಮೀರಿದ ಒಪ್ಪಂದವಿತ್ತು. ಈ ಸಂಬಳವನ್ನು ಯಾರೂ ಮುಟ್ಟುವುದಿಲ್ಲ ಎಂಬುದು ಅಂದಿನ ಸಾಮಾನ್ಯ ಮಾತು. ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಅವನನ್ನು ಆಡಿಸಿದರು. ತಂಡ 44 ಗೆದ್ದು ಪಶ್ಚಿಮ ವಿಭಾಗದಲ್ಲಿ ಐದನೆಯದಾಯಿತು, ಪಾಲ್ ಆಲ್‌ಸ್ಟಾರ್ (ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆ) ಆದ. 2020ರ ನವೆಂಬರ್‌ನಲ್ಲಿ ಫೀನಿಕ್ಸ್ ಅದೇ ಒಪ್ಪಂದಕ್ಕೆ ಮೊದಲ ಸುತ್ತಿನ ಪಿಕ್ ಕೊಟ್ಟು ಕರೆದೊಯ್ದಿತು.

ಪಾಠ ಸರಳ. ಗಾಯದಿಂದ ಎದ್ದವನಿಗೆ, ಕೆಟ್ಟ ಸೀಸನ್ ಕಂಡವನಿಗೆ ಮೂವತ್ತು ನಲವತ್ತು ಪಂದ್ಯ ಕೊಡಿ, ಚೆಂಡು ಅವನ ಕೈಯಲ್ಲಿರಲಿ. ಬೆಲೆ ಎದ್ದ ಮೇಲೆ ಮತ್ತೆ ಆಡಿಸುತ್ತ ಕೂರಬೇಡಿ. ಒಂದು ಮೊಣಕಾಲು ತಿರುಚಿದರೆ ಎಲ್ಲ ಮುಗಿಯಿತು.

ಹಂತ 4: ಕೊಳ್ಳುವ ತಂಡವನ್ನು ಆರಿಸಿ

ಎಷ್ಟೋ ತಂಡಗಳು ಎಡವುವುದು ಇಲ್ಲೇ. ನಾಲ್ಕು ಪಿಕ್ ಕೊಡುತ್ತೇವೆ ಎನ್ನುವ ತಂಡಕ್ಕಿಂತ ಎರಡೇ ಕೊಡುವ ತಂಡ ವಾಸಿಯಾಗಿರಬಹುದು. ಕೊಳ್ಳುವ ತಂಡದಲ್ಲಿ ನಿಮಗೆ ಬೇಕಾದ ಗುಣಗಳು ಇವು: ಮುಖ್ಯ ಆಟಗಾರರಿಗೆ ವಯಸ್ಸಾಗಿರಬೇಕು, ಸಂಬಳದ ಪಟ್ಟಿ ತುಂಬಿ ತುಳುಕಬೇಕು, ಮಾಲೀಕನಿಗೋ ಮ್ಯಾನೇಜರ್‌ಗೋ ಈ ವರ್ಷವೇ ಗೆಲ್ಲುವ ಒತ್ತಡ ಇರಬೇಕು, ಒಳಗಿನಿಂದ ಬೆಳೆಯುತ್ತಿರುವ ದೊಡ್ಡ ಪ್ರತಿಭೆ ಇರಬಾರದು. ಅಂಥ ತಂಡ ಈ ವರ್ಷ 50 ಗೆಲ್ಲಲಿ, ಚಿಂತೆಯಿಲ್ಲ. ನಿಮಗೆ ಬೇಕಿರುವುದು ಅದರ ನಾಲ್ಕನೇ ವರ್ಷ.

2013ರ ಬೇಸಿಗೆಯ ಬಾಸ್ಟನ್ ಇದಕ್ಕೆ ಮಾದರಿ. ತಂಡದ ಅಂದಿನ ಮುಖ್ಯಸ್ಥ ಡ್ಯಾನಿ ಏಂಜ್ 37ರ ಕೆವಿನ್ ಗಾರ್ನೆಟ್‌ನನ್ನೂ 35ರ ಪಾಲ್ ಪಿಯರ್ಸ್‌ನನ್ನೂ ಬ್ರೂಕ್ಲಿನ್‌ಗೆ ಕೊಟ್ಟರು. ಪ್ರತಿಯಾಗಿ 2014, 2016, 2018ರ ಮೊದಲ ಸುತ್ತಿನ ಪಿಕ್‌ಗಳು, 2017ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು. ಬ್ರೂಕ್ಲಿನ್ ಗೆದ್ದದ್ದು ಒಂದೇ ಒಂದು ಪ್ಲೇಆಫ್ ಸರಣಿ. ಮರುವರ್ಷವೇ ಪಿಯರ್ಸ್ ಬಿಟ್ಟು ಹೋದ. ತಂಡ 2015-16ರಲ್ಲಿ 21 ಗೆದ್ದಾಗ ಅದರ ಪಿಕ್ 3ನೆಯದಾಗಿ ಬಾಸ್ಟನ್‌ಗೆ ಜೇಲನ್ ಬ್ರೌನ್‌ನನ್ನು ತಂದಿತು. 2017ರ ಅದಲುಬದಲಿನಿಂದ ಬಂದ ಮೊದಲ ಪಿಕ್ಕನ್ನು ಏಂಜ್ ಫಿಲಡೆಲ್ಫಿಯಾಗೆ ಕೊಟ್ಟು 3ನೇ ಪಿಕ್ಕನ್ನೂ ಮುಂದಿನ ಒಂದು ಪಿಕ್ಕನ್ನೂ ಪಡೆದರು. ಆ ಮೂರನೆಯವನು ಜೇಸನ್ ಟೇಟಮ್. 2024ರ ಚಾಂಪಿಯನ್ ತಂಡದ ಎರಡು ಕಂಬಗಳೂ ಬಂದದ್ದು ನೆಟ್ಸ್ ಆತುರದಿಂದ.

ಗಮನಿಸಿ, 2014ರ ಪಿಕ್ 17ನೆಯದಾಗಿತ್ತು, ಅದರಲ್ಲಿ ಬಂದ ಜೇಮ್ಸ್ ಯಂಗ್ ನಿಲ್ಲಲಿಲ್ಲ. ಟ್ರೇಡ್ ಆದ ಮರುವರ್ಷದ ಪಿಕ್ ಸಾಮಾನ್ಯವಾಗಿ ಸಪ್ಪೆ, ಏಕೆಂದರೆ ನೀವೇ ಕೊಟ್ಟ ಆಟಗಾರ ಆ ತಂಡವನ್ನು ಗೆಲ್ಲಿಸುತ್ತಿರುತ್ತಾನೆ. ದೂರದ ವರ್ಷಗಳನ್ನೇ ಕೇಳಿ. ಕುರ್ಚಿಯ ಮೇಲೆ ನಂಬಿಕೆಯಿಲ್ಲದ ಮ್ಯಾನೇಜರ್ ಆರು ವರ್ಷದಾಚೆಯ ಪಿಕ್ಕನ್ನು ಸಲೀಸಾಗಿ ಬಿಟ್ಟುಕೊಡುತ್ತಾನೆ; ಆಗ ಅಲ್ಲಿ ಯಾರಿರುತ್ತಾರೋ ಯಾರಿಗೆ ಗೊತ್ತು.

ಈಗ ಅದೇ ಏಂಜ್ ಯೂಟಾದಲ್ಲಿ ಮಾಡಿದ್ದನ್ನು ನೋಡಿ. 2022ರಲ್ಲಿ ರೂಡಿ ಗೋಬೇರ್‌ಗೆ ಮಿನೆಸೋಟದಿಂದ ಮುಂದಿನ ವರ್ಷಗಳ ಮೊದಲ ಸುತ್ತಿನ ನಾಲ್ಕು ಪಿಕ್, ಒಂದು ಸ್ವಾಪ್ (ಅದೇ ಅದಲುಬದಲಿನ ಹಕ್ಕು), ಆ ವರ್ಷವಷ್ಟೇ ಆಯ್ಕೆಯಾಗಿದ್ದ ವಾಕರ್ ಕೆಸ್ಲರ್, ಜೊತೆಗೆ ನಾಲ್ವರು ಆಟಗಾರರು. ಇಷ್ಟು ಕೊಟ್ಟ ಮಿನೆಸೋಟ ಕೆಟ್ಟಿತು ಎಂದು ಲೀಗ್ ಇಡೀ ನಕ್ಕಿತು. ಆದರೆ ಅಲ್ಲಿ 20ರ ಆಂಥೊನಿ ಎಡ್ವರ್ಡ್ಸ್ ಇದ್ದ. 2024ರಲ್ಲೂ 2025ರಲ್ಲೂ ಆ ತಂಡ ಪಶ್ಚಿಮದ ಫೈನಲ್ ತಲುಪಿತು. ಮೊದಲು ಬಂದ 2023ರ ಪಿಕ್ 16ನೆಯದು. ಲೆಕ್ಕದಲ್ಲಿ ದೊಡ್ಡ ರಾಶಿ. ಆದರೆ ಏರುತ್ತಿರುವ ತಾರೆಯಿರುವ ತಂಡದ ಪಿಕ್‌ಗಳು.

ಮೇಲಿನ ಕ್ರಿಸ್ ಪಾಲ್ ಪಿಕ್ಕಿಗೂ ಇದೇ ಆಯಿತು. ಫೀನಿಕ್ಸ್ 2021-22ರಲ್ಲಿ 64 ಗೆದ್ದಿತು, ಪಿಕ್ 30ನೆಯದಾಯಿತು, ಅಂದರೆ ಮೊದಲ ಸುತ್ತಿನ ಕಟ್ಟಕಡೆಯದು. ಪ್ರೆಸ್ಟಿ ಅದನ್ನು ಡೆನ್ವರ್‌ಗೆ ದಾಟಿಸಿ 2027ರ ಮೊದಲ ಸುತ್ತಿನ ಪಿಕ್ ತೆಗೆದುಕೊಂಡರು. ಸಪ್ಪೆ ಪಿಕ್ ಬಂದರೆ ಹೀಗೆ ಮುಂದಕ್ಕೆ ತಳ್ಳುವುದೂ ಒಂದು ಕಲೆ.

ಹಂತ 5: ಪಿಕ್ಕೋ, ಹುಡುಗನೋ?

ಪಿಕ್‌ಗೆ ಮುಖವಿಲ್ಲ, ಅದಕ್ಕೇ ಅದು ಯಾವಾಗಲೂ ಚೆಂದ ಕಾಣುತ್ತದೆ. ಆಡುತ್ತಿರುವ ಹುಡುಗನ ಕೊರತೆ ಎಲ್ಲರಿಗೂ ಕಾಣುವುದರಿಂದ ಅವನ ಬೆಲೆ ಎಷ್ಟೋ ಸಲ ಕಡಿಮೆ ಬೀಳುತ್ತದೆ. ನನ್ನ ಒಲವು ಎರಡರ ಮಿಶ್ರಣಕ್ಕೆ, ಹುಡುಗ ಮೊದಲ ಎರಡು ಮೂರು ಸೀಸನ್‌ನಲ್ಲಿದ್ದರೆ ಅವನ ಕಡೆಗೇ. ಮೊದಲ ಸುತ್ತಿನಲ್ಲಿ ಬಂದವನ ಸಂಬಳ ನಾಲ್ಕು ವರ್ಷ ನಿಗದಿತ ದರದಲ್ಲಿರುತ್ತದೆ. ಅದರಲ್ಲಿ ಎಷ್ಟು ವರ್ಷ ಉಳಿದಿದೆ ಎಂಬುದನ್ನು ಬೆಲೆಯಲ್ಲಿ ಸೇರಿಸಿ.

2019ರಲ್ಲಿ ಪಾಲ್ ಜಾರ್ಜ್‌ಗೆ ಪ್ರತಿಯಾಗಿ ಕ್ಲಿಪ್ಪರ್ಸ್‌ನಿಂದ ಒಕ್ಲಹೋಮಕ್ಕೆ ಮೊದಲ ಸುತ್ತಿನ ಐದು ಪಿಕ್, ಎರಡು ಸ್ವಾಪ್ ಬಂದವು. ಅಂದಿನ ಸುದ್ದಿಯೆಲ್ಲ ಅದರದ್ದೇ. ಜೊತೆಗೆ ಬಂದ ಶೇ ಗಿಲ್ಜಸ್-ಅಲೆಕ್ಸಾಂಡರ್ 2018ರ 11ನೇ ಆಯ್ಕೆ, ಮೊದಲ ವರ್ಷ ಪಂದ್ಯಕ್ಕೆ ಸುಮಾರು 11 ಪಾಯಿಂಟ್ ಗಳಿಸಿದ್ದ ಹುಡುಗ. 2025ರಲ್ಲಿ ಅವನೇ ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ), ಅವನೇ ಫೈನಲ್ಸ್ ಎಂವಿಪಿ, ಒಕ್ಲಹೋಮ ಚಾಂಪಿಯನ್. ಆ ಪಿಕ್‌ಗಳಲ್ಲೊಂದು 2022ರ 12ನೇ ಆಯ್ಕೆಯಾಗಿ ಜೇಲನ್ ವಿಲಿಯಮ್ಸ್‌ನನ್ನು ತಂದಿತು. ಯೂಟಾಗೆ ಡೊನೊವನ್ ಮಿಚೆಲ್ ಟ್ರೇಡ್‌ನಲ್ಲಿ ಬಂದ ಲೌರಿ ಮಾರ್ಕನೆನ್ ಕೂಡ ಬೇರೆಯವರು ಕೈಬಿಟ್ಟ 7ನೇ ಆಯ್ಕೆ. ಮೊದಲ ವರ್ಷವೇ ಆಲ್‌ಸ್ಟಾರ್ ಆದ.

ಎರಡನೇ ಸುತ್ತಿನ ಪಿಕ್‌ಗಳನ್ನು ಚಿಲ್ಲರೆ ಎಂದು ಬಿಸಾಡಬೇಡಿ, ಅವುಗಳಿಗಾಗಿ ಒಪ್ಪಂದವನ್ನೂ ಮುರಿಯಬೇಡಿ. 52ನೇ ಆಯ್ಕೆ ಎಂದರೆ ನಮಗೆ ನೆನಪಾಗುವುದು 2015ರಲ್ಲಿ ಡಲ್ಲಾಸ್ ಆರಿಸಿದ ಪಂಜಾಬಿನ ಸತ್ನಾಮ್ ಸಿಂಗ್, ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯ. ಅವನಿಗೆ ಒಂದು ಪಂದ್ಯವೂ ದಕ್ಕಲಿಲ್ಲ. 2023ರ 52ನೇ ಆಯ್ಕೆ ಟೂಮಾನಿ ಕಮಾರಾ, ಡೇಮಿಯನ್ ಲಿಲ್ಲರ್ಡ್ ಟ್ರೇಡ್‌ನ ಮೂಲೆಯಲ್ಲೆಲ್ಲೋ ಪೋರ್ಟ್‌ಲ್ಯಾಂಡ್‌ಗೆ ಬಂದವನು, ಎರಡೇ ವರ್ಷದಲ್ಲಿ ಲೀಗ್‌ನ ಆಲ್-ಡಿಫೆನ್ಸಿವ್ ತಂಡದಲ್ಲಿದ್ದ.

ಹಂತ 6: ಷರತ್ತುಗಳನ್ನು ಬರೆಯಿರಿ

ಕೊಳ್ಳುವವನು ರಕ್ಷಣೆ ಕೇಳುತ್ತಾನೆ. ಟಾಪ್-4 ಪ್ರೊಟೆಕ್ಷನ್ ಎಂದರೆ ಪಿಕ್ ಮೊದಲ ನಾಲ್ಕರೊಳಗೆ ಬಂದರೆ ಅವನೇ ಇಟ್ಟುಕೊಳ್ಳುತ್ತಾನೆ, ನಿಮಗೆ ಮುಂದಿನ ವರ್ಷಕ್ಕೆ ಮುಂದೂಡುತ್ತಾನೆ. ಟಾಪ್-4 ಒಪ್ಪಬಹುದು. 14ರವರೆಗೆ ರಕ್ಷಣೆ ಎಂದರೆ ಲಾಟರಿ ಪೂರ್ತಿ ಅವನದು. ಅದನ್ನು ಮೊದಲ ಸುತ್ತಿನ ಪಿಕ್ ಎಂದು ಕರೆಯುವುದೇ ಉದಾರತೆ. ರಕ್ಷಣೆ ಎಷ್ಟು ವರ್ಷ ಉರುಳುತ್ತದೆ, ಕೊನೆಗೆ ಎರಡನೇ ಸುತ್ತಿನದಾಗಿ ಕರಗಿಹೋಗುತ್ತದೆಯೇ ಎಂಬುದನ್ನು ಕೊನೆಯ ಸಾಲಿನವರೆಗೆ ಓದಿ.

ಸ್ಟೆಪಿಯನ್ ನಿಯಮ ತಿಳಿದಿರಲಿ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ಹೇಗೆ ಹಂಚಿದನೆಂದರೆ ಲೀಗೇ ಅಡ್ಡ ಬರಬೇಕಾಯಿತು. ಅವನ ತಂಡದ 1982ರ ಪಿಕ್ ಮೊದಲನೆಯದಾಗಿ ಲೇಕರ್ಸ್‌ಗೆ ಹೋಗಿ ಜೇಮ್ಸ್ ವರ್ದಿ ಆಯಿತು. ಅಂದಿನಿಂದ ಮುಂದಿನ ಯಾವ ಎರಡು ಸತತ ವರ್ಷಗಳಲ್ಲೂ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳುವಂತಿಲ್ಲ. ಪಿಕ್ ಕೊಡಬಹುದಾದದ್ದು ಏಳು ವರ್ಷದವರೆಗೆ ಮಾತ್ರ. ಅದಕ್ಕೇ ದೊಡ್ಡ ಟ್ರೇಡ್‌ಗಳು ಒಂದೇ ಅಚ್ಚಿನಲ್ಲಿರುತ್ತವೆ: ಮಿಚೆಲ್‌ಗೆ ಕ್ಲೀವ್‌ಲ್ಯಾಂಡ್ ಕೊಟ್ಟದ್ದು 2025, 2027, 2029ರ ಪಿಕ್‌ಗಳು, ನಡುವಿನ 2026, 2028ಕ್ಕೆ ಸ್ವಾಪ್.

ಸ್ವಾಪ್ ಅನ್ನು ಕೊಡುವವರು ಉಚಿತ ಎಂದುಕೊಳ್ಳುತ್ತಾರೆ, ಅದರ ಲಾಭ ಪಡೆಯಿರಿ. 2017ರಲ್ಲಿ ಬ್ರೂಕ್ಲಿನ್ ಮೊದಲ ಪಿಕ್ ಕೊಟ್ಟು ಬಾಸ್ಟನ್‌ನ 27ನೆಯದನ್ನು ಪಡೆದದ್ದು ಇಂಥ ಒಂದು ಸ್ವಾಪ್‌ನಿಂದಲೇ. ಆದರೆ ನೀವು ಅವರಿಗಿಂತ ಕೆಳಗಿರುವ ವರ್ಷದಲ್ಲಿ ಸ್ವಾಪ್‌ಗೆ ಕವಡೆ ಕಾಸಿನ ಬೆಲೆಯಿಲ್ಲ. ನೀವು ಏಳುವ ವರ್ಷಗಳಿಗೆ ಸ್ವಾಪ್ ಕೇಳಿ, ಬೀಳುವ ವರ್ಷಗಳಿಗೆ ನೇರ ಪಿಕ್.

ಹಂತ 7: ಸಂಬಳದ ಲೆಕ್ಕ, ದಿನಾಂಕಗಳು

ಕ್ಯಾಪ್, ಅಂದರೆ ಸಂಬಳದ ಮಿತಿ, ಮೀರಿದ ತಂಡಗಳು ಕೊಡುವ ಸಂಬಳಕ್ಕೂ ತರುವ ಸಂಬಳಕ್ಕೂ ತಾಳೆಯಿರಬೇಕು. ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದ ನಂತರ, ಸೆಕೆಂಡ್ ಏಪ್ರನ್ ಎಂಬ ಇನ್ನೂ ಮೇಲಿನ ಸಂಬಳದ ಗೆರೆ ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ. ನಿಮ್ಮ ಹಿರಿಯನ ಸಂಬಳ ದೊಡ್ಡದಾದಷ್ಟೂ ಕೊಳ್ಳಬಲ್ಲವರ ಪಟ್ಟಿ ಚಿಕ್ಕದಾಗುತ್ತದೆ. ಬೇಸಿಗೆಯಲ್ಲಿ ಹೊಸದಾಗಿ ಸಹಿ ಹಾಕಿದವರಲ್ಲಿ ಹೆಚ್ಚಿನವರನ್ನು ಡಿಸೆಂಬರ್ 15ರವರೆಗೆ ಟ್ರೇಡ್ ಮಾಡುವಂತಿಲ್ಲ. ನಿಜವಾದ ಮಾರುಕಟ್ಟೆ ತೆರೆಯುವುದು ಆಗ, ಮುಚ್ಚುವುದು ಫೆಬ್ರವರಿಯ ಡೆಡ್‌ಲೈನ್‌ಗೆ.

ನಿಮ್ಮಲ್ಲಿ ಕ್ಯಾಪ್ ಜಾಗವಿದ್ದರೆ ಅದನ್ನೇ ಬಾಡಿಗೆಗೆ ಬಿಡಿ. 2020ರಲ್ಲಿ ಫಿಲಡೆಲ್ಫಿಯಾ ಅಲ್ ಹಾರ್ಫರ್ಡ್‌ನ ಒಪ್ಪಂದದಿಂದ ಪಾರಾಗಲು ಮೊದಲ ಸುತ್ತಿನ ಪಿಕ್ ಸೇರಿಸಿ ಒಕ್ಲಹೋಮಕ್ಕೆ ಕಳಿಸಿತು. ಹಾರ್ಫರ್ಡ್ ಅಲ್ಲಿ 28 ಪಂದ್ಯ ಆಡಿ ಕೂತ. ಮರು ಬೇಸಿಗೆಯಲ್ಲಿ ಬಾಸ್ಟನ್, ಕೆಂಬಾ ವಾಕರ್ ಜೊತೆ 16ನೇ ಪಿಕ್ ಕೊಟ್ಟು ಅವನನ್ನು ಕರೆದುಕೊಂಡಿತು. ಬರುವಾಗಲೂ ಪಿಕ್, ಹೋಗುವಾಗಲೂ ಪಿಕ್. ಆ 16ನೆಯದನ್ನು ಪ್ರೆಸ್ಟಿ ಹ್ಯೂಸ್ಟನ್‌ಗೆ ಕೊಟ್ಟು ಎರಡು ಪಿಕ್ ಮಾಡಿಕೊಂಡರು. ಹ್ಯೂಸ್ಟನ್ ಅದರಲ್ಲಿ ಆರಿಸಿದ್ದು ಆಲ್ಪರೆನ್ ಶೆಂಗುನ್‌ನನ್ನು, ಹಾಗಾಗಿ ಆ ಕೊನೆಯ ತಿರುವು ಬುದ್ಧಿವಂತಿಕೆಯೋ ಎಂಬ ವಾದ ಇನ್ನೂ ಮುಗಿದಿಲ್ಲ.

ಹಂತ 8: ಆಟಗಾರನ ಜೊತೆ ಮಾತಾಡಿ, ಆದರೆ ಕೀಲಿಕೈ ಕೊಡಬೇಡಿ

ವರ್ಷಗಟ್ಟಲೆ ದುಡಿದವನಿಗೆ ವಿಷಯ ಫೋನ್‌ನ ನೋಟಿಫಿಕೇಶನ್‌ನಿಂದ ಗೊತ್ತಾಗಬಾರದು. ಅವನ ಏಜೆಂಟ್ ಜೊತೆ ಮೊದಲೇ ಮಾತಾಡಿ, ಇಷ್ಟದ ಊರುಗಳನ್ನು ಕೇಳಿ. ಅಷ್ಟೇ. ವಾಷಿಂಗ್ಟನ್ 2022ರಲ್ಲಿ ಬ್ರ್ಯಾಡ್ಲಿ ಬೀಲ್‌ಗೆ ಐದು ವರ್ಷದ, 25 ಕೋಟಿ ಡಾಲರ್ ಮೀರಿದ ಒಪ್ಪಂದದ ಜೊತೆ ನೋ-ಟ್ರೇಡ್ ಹಕ್ಕನ್ನೂ ಕೊಟ್ಟಿತು. ಮರುವರ್ಷ ಮಾರಲು ಹೊರಟಾಗ ಎಲ್ಲಿಗೆ ಹೋಗಬೇಕೆಂಬುದು ಬೀಲ್ ಕೈಯಲ್ಲಿತ್ತು. ಫೀನಿಕ್ಸ್‌ನಿಂದ ಬಂದದ್ದು ಕ್ರಿಸ್ ಪಾಲ್, ಲ್ಯಾಂಡ್ರಿ ಶ್ಯಾಮೆಟ್, ಕೆಲವು ಸ್ವಾಪ್, ಒಂದಷ್ಟು ಎರಡನೇ ಸುತ್ತಿನ ಪಿಕ್. ಮೊದಲ ಸುತ್ತಿನ ನೇರ ಪಿಕ್ ಒಂದೂ ಇಲ್ಲ.

ಪೋರ್ಟ್‌ಲ್ಯಾಂಡ್ ಅದೇ ವರ್ಷ ಬೇರೆ ರೀತಿ ನಡೆಯಿತು. ಲಿಲ್ಲರ್ಡ್ ಜುಲೈ ಆರಂಭದಲ್ಲಿ ಮಯಾಮಿಗೇ ಹೋಗುತ್ತೇನೆ ಎಂದ. ತಂಡ ಸೆಪ್ಟೆಂಬರ್ ಕೊನೆಯವರೆಗೆ ಕಾದು ಮಿಲ್ವಾಕಿಗೆ ಕೊಟ್ಟಿತು. ಬಂದ ಜ್ರೂ ಹಾಲಿಡೇಯನ್ನು ಕೆಲವೇ ದಿನಗಳಲ್ಲಿ ಬಾಸ್ಟನ್‌ಗೆ ದಾಟಿಸಿ ಇನ್ನೆರಡು ಪಿಕ್ ಸೇರಿಸಿಕೊಂಡಿತು. ಮುಂದೆ 2025ರಲ್ಲಿ ಲಿಲ್ಲರ್ಡ್, ಹಾಲಿಡೇ ಇಬ್ಬರೂ ಪೋರ್ಟ್‌ಲ್ಯಾಂಡ್‌ಗೇ ಬಂದರು! ಕಾಯುವ ತಾಳ್ಮೆಗೆ ಲೀಗ್ ಕೆಲವೊಮ್ಮೆ ಹೀಗೆ ಬಡ್ಡಿ ಕಟ್ಟುತ್ತದೆ.

ಹಂತ 9: ಟ್ರೇಡ್ ಆದ ಮೇಲೆ

ಎಲ್ಲ ಹಿರಿಯರನ್ನೂ ಕಳಿಸಬೇಡಿ. 2023-24ರಲ್ಲಿ 14 ಮಾತ್ರ ಗೆದ್ದು, ಸತತ 28 ಪಂದ್ಯ ಸೋತ ಡೆಟ್ರಾಯ್ಟ್, ಮರುವರ್ಷ ಟೊಬಾಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಥರದವರನ್ನು ತಂದು ಕೋಚ್ ಬದಲಿಸಿ 44 ಗೆದ್ದಿತು. ಎಳೆಯರಿಗೆ ಡಿಫೆನ್ಸ್‌ನಲ್ಲಿ ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವವನೊಬ್ಬ ಅಂಗಳದಲ್ಲೇ ಬೇಕು.

ಕೈಯಲ್ಲಿರುವ ಬೇರೆಯವರ ಪಿಕ್ಕನ್ನು ಆತುರದಲ್ಲಿ ಬಿಡಬೇಡಿ. ಸಿಯಾಕಮ್ ಟ್ರೇಡ್‌ನ ಇಂಡಿಯಾನಾದ 2026ರ ಪಿಕ್ ಟೊರೊಂಟೊದಿಂದ ನ್ಯೂ ಆರ್ಲಿಯನ್ಸ್‌ಗೆ ಹೋಗಿತ್ತು. 2025ರ ಜೂನ್‌ನಲ್ಲಿ ಇಂಡಿಯಾನಾ ಫೈನಲ್ ಆಡುತ್ತಿರುವಾಗಲೇ ನ್ಯೂ ಆರ್ಲಿಯನ್ಸ್ ಅದನ್ನು ಅದೇ ತಂಡಕ್ಕೆ ವಾಪಸ್ ಕೊಟ್ಟು 23ನೇ ಪಿಕ್ ತೆಗೆದುಕೊಂಡಿತು. ಕೆಲವೇ ದಿನಗಳಲ್ಲಿ, ಏಳನೇ ಪಂದ್ಯದಲ್ಲಿ, ಇಂಡಿಯಾನಾದ ತಾರೆ ಟೈರೀಸ್ ಹ್ಯಾಲಿಬರ್ಟನ್‌ನ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಮರುವರ್ಷ ಅವನಿಲ್ಲದ ಇಂಡಿಯಾನಾದ ಪಿಕ್ ಎಷ್ಟು ಬೆಲೆಬಾಳುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ ಒರ್ಲಾಂಡೊ, ಏಕೆಂದರೆ ಮೇಲಿನ ಎಲ್ಲ ಹಂತಗಳೂ ಅಲ್ಲಿ ಒಂದೇ ಕಡೆ ಸಿಗುತ್ತವೆ. 2021ರ ಮಾರ್ಚ್ 25, ಆ ವರ್ಷದ ಡೆಡ್‌ಲೈನ್. ತಂಡ ಒಂದೇ ದಿನ ಮೂವರು ಮುಖ್ಯ ಆಟಗಾರರನ್ನು ಕೊಟ್ಟಿತು. ನಿಕೊಲಾ ವುಚೆವಿಚ್‌ಗೆ ಆಗ 30 ವರ್ಷ, ಆಲ್‌ಸ್ಟಾರ್, ಪಂದ್ಯಕ್ಕೆ 24 ಪಾಯಿಂಟ್ ದಾಟಿದ್ದ, ಒಪ್ಪಂದದಲ್ಲಿ ಇನ್ನೆರಡು ವರ್ಷ. ಕೊಂಡ ಶಿಕಾಗೊ ಪ್ಲೇಆಫ್ ಆತುರದಲ್ಲಿದ್ದ ನಡುಮಟ್ಟದ ತಂಡ. ಬಂದದ್ದು 21ರ ವೆಂಡೆಲ್ ಕಾರ್ಟರ್ ಜೂನಿಯರ್, ಟಾಪ್-4 ರಕ್ಷಣೆಯ ಎರಡು ಪಿಕ್. ಶಿಕಾಗೊ ಪ್ಲೇಆಫ್ ತಲುಪಲಿಲ್ಲ, ಮೊದಲ ಪಿಕ್ 8ನೆಯದಾಗಿ ಫ್ರಾಂಜ್ ವಾಗ್ನರ್ ಬಂದ, 2023ರದು 11ನೆಯದಾಯಿತು. ಸೋತು ಸಿಕ್ಕ ಸ್ವಂತ ಪಿಕ್‌ಗಳಲ್ಲಿ ಜೇಲನ್ ಸಗ್ಸ್, ಮುಂದಿನ ವರ್ಷ ಮೊದಲ ಆಯ್ಕೆಯಾಗಿ ಪಾವ್ಲೊ ಬಾಂಕೆರೊ. ಆರನ್ ಗಾರ್ಡನ್‌ನನ್ನು ಡೆನ್ವರ್‌ಗೆ ಕೊಟ್ಟು ಪಡೆದ ಪಿಕ್ ಮಾತ್ರ ಕೈಸೇರಿದ್ದು 2025ರಲ್ಲಿ, ಅದೂ 25ನೆಯದಾಗಿ; ಅಷ್ಟರಲ್ಲಿ ಗಾರ್ಡನ್ ಚಾಂಪಿಯನ್ ಆಗಿದ್ದ. ಅದರಲ್ಲಿ ಬಂದ ಜೇಸ್ ರಿಚರ್ಡ್‌ಸನ್‌ನ ತಂದೆ ಜೇಸನ್ ಹಿಂದೆ ಒರ್ಲಾಂಡೊಗೇ ಆಡಿದವರು.

ಅದೇ ಜೂನ್‌ನಲ್ಲಿ ಒರ್ಲಾಂಡೊ ಮೇಜಿನ ಆಚೆ ಬದಿಗೆ ಹೋಗಿ ಕೂತಿತು. ಮೆಂಫಿಸ್‌ನ ಡೆಸ್ಮಂಡ್ ಬೇನ್‌ಗಾಗಿ ಮೊದಲ ಸುತ್ತಿನ ನಾಲ್ಕು ಪಿಕ್, ಒಂದು ಸ್ವಾಪ್, ಇಬ್ಬರು ಆಟಗಾರರನ್ನು ಕೊಟ್ಟಿತು. ನಿಮಗೂ ಆ ಸರದಿ ಬಂದಾಗ, ಎದುರಿನವನು ನಿಮ್ಮ ತಂಡದ ವಯಸ್ಸು, ಸಂಬಳದ ಪಟ್ಟಿ, ಮಾಲೀಕನ ಆತುರ ಇವನ್ನೆಲ್ಲ ನಾಲ್ಕನೇ ಹಂತದಲ್ಲಿ ಹೇಳಿದ ಹಾಗೇ ಅಳೆಯುತ್ತಿರುತ್ತಾನೆ. ಮೊದಲು ಹತ್ತಿರದ ವರ್ಷದ ಪಿಕ್ ಕೊಡಿ, ದೂರದ್ದನ್ನು ಕೊನೆಗೆ ಉಳಿಸಿಕೊಳ್ಳಿ, ಕೊಡಲೇಬೇಕಾದರೆ ಮೇಲಿನ ನಾಲ್ಕರ ರಕ್ಷಣೆಯನ್ನಾದರೂ ಕೇಳಿ.